ಮೂರು ವಾರದ ಹುಳುಗಳು

ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಹೊರಗೆ ಲಕ್ಕಲಕಟ್ಟಿಗೆ ಹೋಗುವ ಟಂಟಂ ಆಟೊ ತುಂಬಲೆಂದು ಕಾಯುತ್ತ ಕೂತಿದ್ದ ಸೈರಾಬಾನುವಿಗೆ, ತನ್ನ ತೊಡೆಯ ಮೇಲಿನ ಚೀಲದ ವಾಸನೆ ಉಳಿದವರಿಗೂ ಬರುತ್ತಿದೆಯೆಂದು ಗೊತ್ತಾದದ್ದು ಎದುರಿನ ಸೀಟಿನ ಮುದುಕಿ ಮೂಗಿಗೆ ಸೆರಗು ಒತ್ತಿಕೊಂಡಾಗ. "ಮೊಣಕಾಲಿಗೆ ಹಚ್ಚೋ ಎಣ್ಣಿ ಮಾರ್ತೀಯೇನವಾ?" ಎಂದು ಮುದುಕಿ ಕೇಳಿದಳು. "ಇಲ್ಲಬೇ, ಇದು ದಾಳಿಂಬ್ರಿ ಗಿಡಕ್ಕ ಕಟ್ಟೋದು" ಎಂದಳು ಸೈರಾಬಾನು. "ಗಿಡಕ್ಕೂ ಮೊಣಕಾಲ ಬ್ಯಾನಿ ಬರ್ತೈತೇನು?" ಎಂದು ಮುದುಕಿ ಗಂಭೀರವಾಗಿಯೇ ಕೇಳಿದಳು, ಟಂಟಂನಲ್ಲಿದ್ದವರೆಲ್ಲ ನಕ್ಕರು. ಸೈರಾಬಾನುವಿನ ತುಟಿಗಳೂ ಅಗಲವಾದವು. ಮೂರು ತಿಂಗಳಿಂದ ಅವು ಯಾವಾಗ ಅಗಲವಾಗಬೇಕು, ಯಾವಾಗ ಕೂಡಬೇಕು ಎಂಬುದನ್ನು ತಾವೇ ತಿಳಿದುಕೊಂಡು ಮಾಡುತ್ತಿದ್ದವು. ಪಕ್ಕದ ಮನೆಯ ಬಾಗಿಲು ತೆರೆದು ಮುಚ್ಚಿದ ಸದ್ದು ಕೇಳಿಸಿಕೊಂಡ ಹಾಗೆ ಅವಳು ಅದನ್ನು ಗಮನಿಸುತ್ತಿದ್ದಳು, ಅಷ್ಟೇ.

ನಿನ್ನೆ ಸಂಜೆ ದ್ಯಾಮೇಶ ಫೋನು ಮಾಡಿದ್ದ. ಅವಳಿಗಿಂತ ಹತ್ತು ವರ್ಷ ಚಿಕ್ಕವನು, ಅವಳು ಕೆಲಸ ಮಾಡುವ ಪ್ರಯೋಗದ ಮುಖ್ಯಸ್ಥ, ಕೀಟಗಳ ಮೇಲೆ ಓದಿ ಬಂದವನು. "ನಾಳೆ ನಾನೂ ತ್ವಾಟಕ್ಕ ಬರ್ತೀನ್ರಿ ಸೈರಾ ಮೇಡಂ. ರಿಪೋರ್ಟ ಮುಗಸೋದೈತಿ. ನಿಮ್ಮ ಸೆಪ್ಟೆಂಬರದ ಅಂಕಿ ಭಾಳ ಚಲೋ ಬಂದಾವ" ಎಂದ. ಅವಳು "ಹೌದ್ರೀ ಸರ್" ಎಂದಳು. ಆಮೇಲೆ ಹಂಚಿನ ಮೇಲಿದ್ದ ರೊಟ್ಟಿ ತಿರುವಿದಳು, ತಮ್ಮ ಉಮರನಿಗೆ ಬಡಿಸಿದಳು, ಅವನ ಹೆಂಡತಿ ಫರ್ಜಾನಾ ಕೇಳಿದ್ದಕ್ಕೆ ಉತ್ತರವನ್ನೂ ಕೊಟ್ಟಳು. ಏನು ಕೇಳಿದ್ದಳೋ ಈಗ ನೆನಪಿಲ್ಲ. ರಾತ್ರಿ ನಿದ್ದೆ ಬಂತು. ನಿದ್ದೆ ಬಂದದ್ದೇ ಬೆಳಿಗ್ಗೆ ಎದ್ದಾಗ ತಪ್ಪು ಮಾಡಿದ ಹಾಗೆ ಕಂಡಿತು.

ಟಂಟಂ ಹೊರಟಿತು. ಗುಡ್ಡದ ಮೇಲಿನ ಗಾಳಿ ಫ್ಯಾನುಗಳಲ್ಲಿ ಎರಡು ತಿರುಗುತ್ತಿದ್ದವು, ಒಂದು ನಿಂತಿತ್ತು. ಕೆಲಸಕ್ಕೆ ಸೇರಿದ ಮೊದಲ ದಿನ ದ್ಯಾಮೇಶ ಈ ವಾಸನೆಯ ವಿಷಯವನ್ನು ಒಂದು ಎಲೆ ಕಿತ್ತು ಕೈಯಲ್ಲಿ ಹಿಡಿದು ವಿವರಿಸಿದ್ದ. ಗಿಡದ ಹೇನು ಬಂದು ಎಳೆಯ ಎಲೆಗೆ ಬಾಯಿ ಚುಚ್ಚಿ ರಸ ಹೀರಿದರೆ ಎಲೆ ಸುಮ್ಮನಿರುವುದಿಲ್ಲ, ಒಂದು ವಾಸನೆ ಬಿಡುತ್ತದೆ. ಹೇನು ತಿಂದು ಬದುಕುವ ಹುಳುಗಳಿಗೆ, ಅಂದರೆ ಗುಲಗಂಜಿ ಹುಳುವಿಗೆ, ಹಸಿರು ಜಾಲರಿ ರೆಕ್ಕೆಯ ಹುಳುವಿಗೆ, ಆ ವಾಸನೆಯ ಗುರುತಿದೆ. ಅವು ಹುಡುಕಿಕೊಂಡು ಬರುತ್ತವೆ. ಅದೇ ವಾಸನೆಯನ್ನು ಈಗ ಬೇರೆ ಕಡೆ ತಯಾರಿಸಿ ಬೆರಳುದ್ದದ ಪಾಕೀಟಿನಲ್ಲಿ ತುಂಬಿ ಗಿಡಕ್ಕೆ ಕಟ್ಟುವುದು. ಹುಳುಗಳು ಮೊದಲೇ ಬಂದು ಕೂತರೆ ಹೇನಿಗೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವ ಕೆಲಸವೇ ಉಳಿಯುವುದಿಲ್ಲ. "ಹಂಗಾರ ಗಿಡಕ್ಕ ಏನೂ ಆಗಲಾರದ ಸುಳ್ಳ ಕರದಂಗಾತಲ್ರಿ ಸರ್?" ಎಂದು ಅವಳು ಆಗ ಕೇಳಿದ್ದಳು. ಆಗ ಅವಳಿಗೆ ಇಂಥ ಪ್ರಶ್ನೆಗಳು ಬರುತ್ತಿದ್ದವು. "ಸುಳ್ಳಲ್ರಿ. ಜರಾ ಮೊದಲ ಕರದಂಗ" ಎಂದಿದ್ದ ದ್ಯಾಮೇಶ. ಆ ಸಂಜೆ ಮನೆಗೆ ಬಂದಾಗ ಅಮ್ಮಾ ಮಂಚದ ಮೇಲಿಂದಲೇ ಮೂಗು ಎತ್ತಿ, ನನಗೆ ಎಣ್ಣೆ ತಂದೆಯಾ ಎಂದು ಕೇಳಿದ್ದಳು. ಅವಳ ಮೊಣಕಾಲಿನ ಎಣ್ಣೆಗೂ ಇದಕ್ಕೂ ಒಂದೇ ವಾಸನೆ. ಇಲ್ಲವೆಂದು ಹೇಳಬೇಕಾಯಿತು. ಅಮ್ಮಾ ಮುಖ ಆಚೆ ತಿರುಗಿಸಿಕೊಂಡಳು. ಆಮೇಲೆ ಪ್ರತಿ ಮಂಗಳವಾರವೂ ಆ ವಾಸನೆ ಮನೆಯೊಳಗೆ ಬರುತ್ತಿತ್ತು. ಪ್ರತಿ ಮಂಗಳವಾರವೂ ಅದು ಅಮ್ಮಾನಿಗಾಗಿ ತಂದದ್ದಾಗಿರುತ್ತಿರಲಿಲ್ಲ.

ಅವಳ ಕೆಲಸ ಸಣ್ಣದು. ಅಂದಾನೆಪ್ಪನ ತೋಟದಲ್ಲಿ ಇಪ್ಪತ್ತು ಸಾಲು. ಹತ್ತಕ್ಕೆ ಪಾಕೀಟು ಕಟ್ಟಿದೆ, ಹತ್ತಕ್ಕೆ ಇಲ್ಲ. ಸಾಲಿಗೊಂದರಂತೆ ಹಳದಿ ಅಂಟು ಕಾರ್ಡು ತೂಗುಬಿಟ್ಟಿದೆ. ಮಂಗಳವಾರ ಹೋಗಿ ಕಾರ್ಡಿಗೆ ಅಂಟಿದ ಒಳ್ಳೆಯ ಹುಳುಗಳನ್ನು ಭೂತಗನ್ನಡಿಯಲ್ಲಿ ನೋಡಿ ಎಣಿಸಬೇಕು, ರಿಜಿಸ್ಟರಿನಲ್ಲಿ ಬರೆಯಬೇಕು, ಹೊಸ ಕಾರ್ಡು ಹಾಕಬೇಕು, ಬರೆದ ಪುಟದ ಫೋಟೊ ತೆಗೆದು ದ್ಯಾಮೇಶನಿಗೆ ಕಳಿಸಬೇಕು. ಬಿ.ಎಸ್ಸಿ. ಓದಿ ಮದುವೆಯಾಗಿ ಹೋಗಿ, ಹನ್ನೊಂದು ವರ್ಷದ ಹಿಂದೆ ತವರಿಗೆ ಮರಳಿ ಬಂದು, ಸಾಲೆಗಳಲ್ಲಿ ಅಲ್ಲಿಷ್ಟು ಇಲ್ಲಿಷ್ಟು ಕಲಿಸಿ, ಮೂವತ್ತೊಂಬತ್ತನೆಯ ವಯಸ್ಸಿಗೆ ಸಿಕ್ಕ ಈ ಕೆಲಸವನ್ನು ಅವಳು ಬಹಳ ಹಚ್ಚಿಕೊಂಡಿದ್ದಳು. ಜಾಲರಿ ರೆಕ್ಕೆಯ ಹುಳುವಿನ ಕಣ್ಣು ಬಂಗಾರದ ಬಣ್ಣದ್ದಿರುತ್ತದೆ ಎಂಬುದನ್ನು ಮನೆಯಲ್ಲಿ ಯಾರಿಗಾದರೂ ಹೇಳಬೇಕೆನಿಸಿದಾಗ ಕೇಳುವವಳು ಅಮ್ಮಾ ಒಬ್ಬಳೇ.

ಸೆಪ್ಟೆಂಬರಿನಲ್ಲಿ ಅಮ್ಮಾನ ಕಿಡ್ನಿ ಕೈಕೊಟ್ಟಿತು. ಗದಗಿನ ದವಾಖಾನೆಯಲ್ಲಿ ಹಗಲು ಅವಳು, ರಾತ್ರಿ ಉಮರ. ಮೊದಲ ಮಂಗಳವಾರ, ತಾರೀಖು ಎರಡು, ರಜೆ ಕೇಳಲೆಂದು ಫೋನು ಕೈಗೆತ್ತಿಕೊಂಡವಳು, ತಾತ್ಕಾಲಿಕ ಕೆಲಸ, ಒಂದು ವಾರ ತಪ್ಪಿದರೆ ಲೆಕ್ಕವೇ ಕೆಡುತ್ತದೆ, ಬೇರೆಯವರನ್ನು ಹುಡುಕುತ್ತಾರೆ ಎಂದು ಯೋಚಿಸುತ್ತ ಕೂತಳು. ಬ್ಯಾಗಿನಲ್ಲಿ ರಿಜಿಸ್ಟರು ಇತ್ತು. ಹೋದ ವಾರ ಪಾಕೀಟಿನ ಸಾಲಿಗೆ ಸರಾಸರಿ ಹತ್ತು ಹುಳು ಬಂದಿದ್ದವು. ಈ ವಾರ ಹನ್ನೊಂದು ಬರಬಹುದಲ್ಲ. ಹನ್ನೊಂದು ಎಂದು ಬರೆದಳು. ಪಾಕೀಟು ಇಲ್ಲದ ಸಾಲಿಗೆ ನಾಲ್ಕು. ಫೋಟೊ ಕಳಿಸಿದಳು. ದ್ಯಾಮೇಶ ಹೆಬ್ಬೆರಳಿನ ಚಿತ್ರ ಕಳಿಸಿದ. ಎರಡನೆಯ ವಾರ ಸ್ವಲ್ಪ ಹೆಚ್ಚು ಹೊತ್ತು ಯೋಚಿಸಿದಳು. ಬಿಸಿಲು ಎಷ್ಟಿರಬಹುದು, ಚಿಗುರು ಎಷ್ಟು ಒಡೆದಿರಬಹುದು, ಎಷ್ಟನೆಯ ಸಾಲಿನಲ್ಲಿ ಗಾಳಿ ಹೆಚ್ಚು. ಔಷಧಿಯ ವಾಸನೆಯ ಆ ವಾರ್ಡಿನಲ್ಲಿ ಕಣ್ಣು ಮುಚ್ಚಿದರೆ ತೋಟ ಕಾಣುತ್ತಿತ್ತು. ಹುಳುಗಳು ಒಂದೊಂದಾಗಿ ಬಂದು ಹಳದಿ ಕಾರ್ಡಿನ ಮೇಲೆ ಕೂತು ಅಂಟಿಕೊಳ್ಳುತ್ತಿದ್ದವು. ಅವಳಿಗೆ ಸುಖವೆನಿಸಿತ್ತು. ಬೇರೆಯದೆಲ್ಲವನ್ನೂ ಯಾರಾದರೂ ಕ್ಷಮಿಸಬಹುದು, ಆ ಸುಖವೊಂದನ್ನು ಹೇಗೆ ಹೇಳುವುದು? ಮೂರನೆಯ ಮಂಗಳವಾರ, ತಾರೀಖು ಹದಿನಾರು, ಹದಿನಾರು ಬರೆಯಲೋ ಹದಿನೇಳೋ ಎಂದು ಪೆನ್ನು ಎತ್ತಿ ಹಿಡಿದು ಕೂತಿದ್ದಳು. ಹದಿನೇಳೆಂದು ಬರೆದು, ಕೆಳಗೆ ಗೆರೆ ಎಳೆದು, ತಲೆ ಎತ್ತಿ ನೋಡಿದರೆ ಅಮ್ಮಾನ ಬಾಯಿ ತುಸು ತೆರೆದಿತ್ತು. ನರ್ಸು ಬಂದು ಗೋಡೆಯ ಗಡಿಯಾರ ನೋಡಿ ಹನ್ನೊಂದೂ ಹತ್ತು ಎಂದಳು. ಆಮೇಲೆ ಅದೇ ನರ್ಸು ಅವಳ ಬೆರಳುಗಳನ್ನು ಬಿಡಿಸಿ ಪೆನ್ನು ತೆಗೆದು ಟೇಬಲ್ಲಿನ ಮೇಲಿಟ್ಟಳು.

ಮಣ್ಣು ಕೊಟ್ಟು ಮೂರನೆಯ ದಿನ ಮನೆಯಲ್ಲಿ ಹೆಂಗಸರು ತುಂಬಿದ್ದಾಗ ಫರ್ಜಾನಾ ಅಡುಗೆಮನೆಯಲ್ಲಿ ಯಾರಿಗೋ ಮೆಲ್ಲಗೆ ಹೇಳುತ್ತಿದ್ದಳು, ಅವಳು ಆಫೀಸಿನವಳು, ಅಳುವುದಕ್ಕೂ ಅವಳಿಗೆ ಪುರುಸೊತ್ತಿಲ್ಲ ಎಂದು. ಸೈರಾಬಾನು ಬಾಗಿಲ ಹೊರಗೆ ಖಾಲಿ ಲೋಟಗಳ ತಟ್ಟೆ ಹಿಡಿದು ನಿಂತಿದ್ದಳು. ಒಳಗೆ ಹೋಗಲಿಕ್ಕೆ ಅವರ ಮಾತು ಮುಗಿಯುವವರೆಗೆ ಕಾದಳು. ಲೋಟಗಳು ಒಂಬತ್ತಿದ್ದವು.

ಇಪ್ಪತ್ಮೂರನೆಯ ತಾರೀಖಿಗೆ ತೋಟಕ್ಕೆ ಹೋಗಿದ್ದಳು, ಉಮರ ಬೇಡವೆಂದರೂ. ಮೂರು ವಾರ ಬದಲಿಸದೆ ಅಲ್ಲೇ ತೂಗುತ್ತಿದ್ದ ಕಾರ್ಡುಗಳು ಧೂಳು ಹಿಡಿದಿದ್ದವು. ಎಣಿಸಿದರೆ ನಿಜವಾದ ಅಂಕಿ ಎಷ್ಟೆಂದು ಗೊತ್ತಾಗಿಬಿಡುತ್ತದೆ. ಗೊತ್ತಾಗುವುದು ಅವಳಿಗೆ ಬೇಕಿರಲಿಲ್ಲ. ಒಂದನ್ನೂ ನೋಡದೆ ಎಲ್ಲವನ್ನೂ ಹಳೆಯ ಪೇಪರಿನಲ್ಲಿ ಸುತ್ತಿದಳು. ನಾಲ್ಕನೆಯ ಸಾಲಿನಲ್ಲಿ ಎಲೆಯ ಮೇಲೆ ಅಂಗಾತ ಬಿದ್ದಿದ್ದ ಒಂದು ಗುಲಗಂಜಿ ಹುಳುವನ್ನು ಅಂಗೈಗೆ ಹಾಕಿಕೊಂಡು ಬಹಳ ಹೊತ್ತು ನಿಂತಿದ್ದಳು. ಯಾಕೆ ಸತ್ತಿತು ಎಂಬ ಪ್ರಶ್ನೆ ಆ ದಿನ ಅವಳಲ್ಲಿ ಹುಟ್ಟಲೇ ಇಲ್ಲ. ಪೇಪರಿನ ಸುರುಳಿಯನ್ನು ಬಸ್‌ಸ್ಟ್ಯಾಂಡಿನ ಕಸದ ಡಬ್ಬಿಗೆ ಹಾಕಿ ಮನೆಗೆ ಹೋದಳು.

ಟಂಟಂ ಇಳಿದು ಎರೆಹೊಲಗಳ ನಡುವಿನ ದಾರಿಯಲ್ಲಿ ನಡೆದು ತೋಟ ಮುಟ್ಟಿದಾಗ ಹತ್ತೂವರೆ. ಕಾಯಿ ಮುಷ್ಟಿಗಾತ್ರ ಆಗಿದ್ದವು. ಶೆಡ್ಡಿನ ಮುಂದೆ ಬೇವಿನ ನೆರಳಲ್ಲಿ ನಿರ್ಮಲಾ ಕಡಲೆಪಲ್ಲೆ ಸೋಸುತ್ತ ಕೂತಿದ್ದಳು. ಅಂದಾನೆಪ್ಪನ ಹೆಂಡತಿ, ಸೈರಾಬಾನುವಿನ ಓರಗೆಯವಳು. ಮೊದಮೊದಲು ಇವಳನ್ನು ಕಂಡರೆ ಒಳಗಿನಿಂದ ನೀರಿನ ತಂಬಿಗೆ ತಂದಿಟ್ಟು ಮಾತಿಲ್ಲದೆ ಹೋಗುತ್ತಿದ್ದವಳು, ಸೆಪ್ಟೆಂಬರಿನ ನಂತರ ಬೇರೆಯೇ ಆಗಿದ್ದಳು. ಬಂದರೆ ಚಹ, ಹೋಗುವಾಗ ಒಂದು ಚೀಲ ಹೆಸರುಕಾಳು, ಒಮ್ಮೆ ಗಟ್ಟಿ ಮೊಸರು, ಒಮ್ಮೆ ಶೇಂಗಾ ಹೋಳಿಗೆ. ತಾಯಿ ಸತ್ತವಳೆಂದು ಮರುಕ ಎಂದು ಸೈರಾಬಾನು ತಿಳಿದಿದ್ದಳು. ಆ ಮರುಕವನ್ನು ಅವಳು ಮನೆಗೆ ಹೊತ್ತು ತಂದು ಅಡುಗೆಮನೆಯಲ್ಲಿ ಇಡುತ್ತಿದ್ದಳು. ಉಣ್ಣಲಿಕ್ಕೆ ಮಾತ್ರ ಆಗುತ್ತಿರಲಿಲ್ಲ.

"ಬರ್ರಿ ಅಕ್ಕಾರ, ಕೂಡ್ರಿ. ಸಾಹೇಬ್ರು ಬರೂದು ಇನ್ನ ಹೊತ್ತೈತಿ" ಎಂದು ನಿರ್ಮಲಾ ಚಹದ ಕಪ್ಪು ಕೊಟ್ಟಳು. ಆಚೆ ಈಚೆ ನೋಡಿ ತಗ್ಗಿದ ದನಿಯಲ್ಲಿ, "ಭಾಳ ದಿನದಿಂದ ಒಂದ ಮಾತ ಹೇಳಬೇಕಂತ ಅನ್ಕೊಂಡೀನಿ. ಇವರು ಬ್ಯಾಡ ಅಂತಾರ. ಆದ್ರ ಹೇಳಲಿಲ್ಲಂದ್ರ ನಮಗ ಪಾಪ ಹತ್ತತೈತಿ. ಆವಾಗ ನೀವು ನಮ್ಮ ಮಾನಾ ಉಳಿಸಿದ್ರಿ ನೋಡ್ರಿ" ಎಂದಳು.

"ಯಾವಾಗ?"

"ಅದ ರೀ, ಎಣ್ಣಿ ಹೊಡದಿದ್ವೆಲ್ಲ." ನಿರ್ಮಲಾ ಸೊಪ್ಪಿನ ದಂಟು ಮುರಿಯುತ್ತಲೇ ಇದ್ದಳು. "ಹೊಡಿಯಂಗಿಲ್ಲಂತ ಸಾಹೇಬ್ರಿಗೆ ಮಾತ ಕೊಟ್ಟಿದ್ವಿ ಖರೇ. ಆದ್ರ ಚಿಗುರೆಲ್ಲಾ ಹೇನ ಹತ್ತಿ ಮುದುಡಾಕ ಹತ್ತಿದ್ವು. ನಿಮ್ಮನ್ನ ಕೇಳೋಣಂದ್ರ ನೀವು ಎರಡು ಮಂಗಳವಾರ ಬರಲಿಲ್ಲ, ಫೋನೂ ಎತ್ತಲಿಲ್ಲ. ಮರುದಿನ ಬುಧವಾರ ನಸಿಕಿನ್ಯಾಗ ಎದ್ದು ಇವರು ಹೊಡದ ಬಿಟ್ರು. ಇಪ್ಪತ್ತೂ ಸಾಲು. ಆಮ್ಯಾಲೆ ನೀವು ಬಂದ್ರಿ. ಸತ್ತ ಹುಳಾ ಕೈಯಾಗ ಹಿಡಕೊಂಡು ನಿಂತಿದ್ರಿ. ನಾ ಇಲ್ಲಿಂದ ನೋಡಾಕತ್ತಿದ್ದೆ, ಎದಿ ಹೊಡ್ಕೋತಿತ್ತು. ನೀವು ಒಂದ ಮಾತ ಆಡಲಿಲ್ಲ. ಕಾರ್ಡ ಸುತ್ತಿಕೊಂಡು ಹೋದ್ರಿ. ಮುಂದ ಸಾಹೇಬ್ರು ಫೋನ ಮಾಡಿ, ನಿಮ್ಮ ತ್ವಾಟದಾಗ ಹುಳಾ ಭಾಳ ಚಲೋ ಬಂದಾವ ಅಂದಾಗ ನಮಗ ತಿಳೀತು, ಅಕ್ಕಾರ ನಮ್ಮ ಸಲುವಾಗಿ ಬರದಾರಂತ. ತಾಯಿ ಸತ್ತ ಸಂಕಟದಾಗೂ ನಮ್ಮ ವಿಚಾರ ಮಾಡಿದ್ರಿ."

ಚಹ ಕೆನೆಗಟ್ಟಿತು. ಸೈರಾಬಾನು ಕೆನೆಯನ್ನು ಬೆರಳಿನಿಂದ ಕಪ್ಪಿನ ಅಂಚಿಗೆ ಸರಿಸಿದಳು. ಹಾಗಾದರೆ ಹದಿನಾರನೆಯ ತಾರೀಖಿಗೆ ಈ ತೋಟದಲ್ಲಿ ಒಂದು ಹುಳುವೂ ಇದ್ದಿರಲಿಕ್ಕಿಲ್ಲ. ಅವಳು ಒಂದೊಂದಾಗಿ ಕರೆದು ಕಾರ್ಡಿನ ಮೇಲೆ ಕೂರಿಸುತ್ತಿದ್ದಾಗ ಅವೆಲ್ಲ ಸತ್ತು ಆರು ದಿನವಾಗಿತ್ತು. ಹೆಸರುಕಾಳು, ಮೊಸರು, ಹೋಳಿಗೆ ಯಾವುದೂ ಅಮ್ಮಾನಿಗಾಗಿ ಬಂದದ್ದಲ್ಲ. ನಾಚಿಕೆಯೋ ಸಿಟ್ಟೋ ಏನೋ ಒಂದು ಬರಬೇಕಿತ್ತು. ಎಲ್ಲೋ ದೂರದಲ್ಲಿ ಬರುತ್ತಿದೆ ಎನ್ನಿಸಿತು, ಬಂದು ಮುಟ್ಟಲಿಲ್ಲ. "ಹಂಗಲ್ಲ ನಿರ್ಮಲಕ್ಕ" ಎಂದಳು. ಅಷ್ಟರಲ್ಲಿ ಬದುವಿನ ಆಚೆ ಜೀಪಿನ ಸದ್ದಾಯಿತು. ನಿರ್ಮಲಾ ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದಳು.

ದ್ಯಾಮೇಶ ಉತ್ಸಾಹದಲ್ಲಿದ್ದ. ಜೀಪಿನ ಹಿಂದೆ ತೋಟದ ಹೆಸರು ಬರೆದ ಒಂದು ಬೋರ್ಡು ಇತ್ತು, ಅಂದಾನೆಪ್ಪನ ಹೆಸರು ದೊಡ್ಡ ಅಕ್ಷರದಲ್ಲಿ. ನೀರಿನ ವಾಲ್ವು ತಿರುಗಿಸಲು ಹೋಗಿದ್ದ ಅಂದಾನೆಪ್ಪ ಕೈ ಒರೆಸಿಕೊಳ್ಳುತ್ತ ಬಂದ. ಐವತ್ತರ ಸುಮಾರಿನ, ಕಡಿಮೆ ಮಾತಿನ ಮನುಷ್ಯ. ಬೋರ್ಡನ್ನು ನೋಡಿ ಸೈರಾಬಾನುವಿನ ಕಡೆ ನೋಡಿದ. ಆ ನೋಟದಲ್ಲಿದ್ದ ಉಪಕಾರ ಸ್ಮರಣೆ ಈಗ ಅವಳಿಗೆ ಓದಲು ಬಂತು. ಎಲ್ಲರೂ ಹೊರಸಿನ ಮೇಲೆ, ಕಲ್ಲಿನ ಮೇಲೆ ಕೂತರು. ದ್ಯಾಮೇಶ ಕಾಗದ ತೆಗೆದ.

"ಕೇಳ್ರಿ ಅಂದಾನೆಪ್ಪಾವ್ರ. ಸೆಪ್ಟೆಂಬರ ಎರಡಕ್ಕ ಪಾಕೀಟ ಕಟ್ಟಿದ ಸಾಲಿನ್ಯಾಗ ಹನ್ನೊಂದು. ಒಂಬತ್ತಕ್ಕ ಹದಿನಾಕು. ಹದಿನಾರಕ್ಕ ಹದಿನೇಳು. ಪಾಕೀಟ ಇಲ್ಲದ ಸಾಲಿನ್ಯಾಗ ನಾಕು, ಐದು, ನಾಕು. ಇಷ್ಟ ಸಾಫ ಅಂಕಿ ಬ್ಯಾರೆ ಯಾವ ತ್ವಾಟದಾಗೂ ಇಲ್ರಿ. ಬರೋ ಹಂಗಾಮಿಗೆ ನರೇಗಲ್ ಕಡೆ ನಲವತ್ತು ತ್ವಾಟ ತಗೊಳಾಕತ್ತೀವಿ. ಈ ಮೂರು ವಾರ ತೋರಿಸಿ, ಎಣ್ಣಿ ಹೊಡಿಯೋದು ಬಿಡ್ರಿ ಅಂತ ಹೇಳಾವ್ರು."

ಹದಿನೇಳು ಎಂಬುದನ್ನು ಇನ್ನೊಬ್ಬರ ಬಾಯಿಂದ ಅವಳು ಕೇಳಿದ್ದು ಇದೇ ಮೊದಲು. ಬಿಸಿಲಿನಲ್ಲಿ, ನಾಲ್ಕು ಜನರ ನಡುವೆ, ಒಂದು ಶಬ್ದ. ನಲವತ್ತು ತೋಟಗಳು ಕಣ್ಣ ಮುಂದೆ ಬರಲಿಲ್ಲ. ನಲವತ್ತು ಜನ ಹೆಂಗಸರು ಮಾತ್ರ ಬಂದರು, ಒಬ್ಬೊಬ್ಬರೂ ಒಂದೊಂದು ಮುದುಡಿದ ಚಿಗುರನ್ನು ಹಿಡಿದು ಯಾರೋ ಬರುತ್ತಾರೆಂದು ದಾರಿ ನೋಡುತ್ತ. ಫೋನು ರಿಂಗಾಗುತ್ತಿದೆ, ಯಾರೂ ಎತ್ತುವುದಿಲ್ಲ.

"ಸರ್, ಆ ಮೂರು ವಾರ ನಾ ಇಲ್ಲಿಗೆ ಬಂದಿಲ್ರಿ" ಎಂದಳು ಸೈರಾಬಾನು.

ದ್ಯಾಮೇಶನಿಗೆ ಅರ್ಥವಾಗಲಿಲ್ಲ. "ಅಂದ್ರ?"

"ದವಾಖಾನ್ಯಾಗ ಕೂತು ಬರದೀನ್ರಿ. ಎಣಿಸಿಲ್ಲ. ಆ ಅಂಕಿ ನಾನ ಹಾಕಿದ್ದು."

ನಿರ್ಮಲಾ ಬಾಗಿಲಿಗೆ ಬಂದು ನಿಂತಳು. ಮೊದಲು ಮಾತಾಡಿದವನು ಅಂದಾನೆಪ್ಪ. "ಏನ ಮಾತಾಡ್ತೀರಿ ಅಕ್ಕಾರ?" ಎಂದ, ದೊಡ್ಡ ದನಿಯಲ್ಲಿ. ಅವನು ಇಷ್ಟು ಜೋರಾಗಿ ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. "ಸಾಹೇಬ್ರ, ಅವರು ಬಂದಿದ್ರು. ಮೂರೂ ಮಂಗಳವಾರ ಬಂದಾರ. ನಾ ಇಲ್ಲೇ ಇದ್ದೆ. ಚಾ ಕುಡದ ಹೋಗ್ಯಾರ. ನಮ್ಮಾಕಿನ್ನ ಬೇಕಾರ ಕೇಳ್ರಿ." ನಿರ್ಮಲಾ ತಲೆಯಾಡಿಸಿದಳು.

ದ್ಯಾಮೇಶನ ಮುಖ ಸಡಿಲಾಯಿತು. ಅವನು ಸೈರಾಬಾನುವನ್ನು ಕಾಯಿಲೆಯವರನ್ನು ನೋಡುವ ಹಾಗೆ ನೋಡಿದ. "ತಾಯಿ ತೀರಿದ ಮ್ಯಾಲೆ ದಿನಾ ತಾರೀಖು ಕಲಸಿಹೋಗ್ತಾವ್ರಿ ಮೇಡಂ. ನಮ್ಮ ಮನ್ಯಾಗೂ ಹಂಗ ಆಗಿತ್ತು. ನೀವು ಒಂದೆರಡು ವಾರ ಆರಾಮ ತಗೋರಿ" ಎಂದ.

ಎಷ್ಟು ಸುಲಭವಾಗಿತ್ತು. ಹೌದ್ರೀ ಸರ್ ಎಂದರೆ ಸಾಕು. ಅಂದಾನೆಪ್ಪನ ಹೆಸರಿನ ಬೋರ್ಡು ನೆಡುತ್ತಾರೆ, ನಿರ್ಮಲಾ ಊಟಕ್ಕೆ ಕರೆಯುತ್ತಾಳೆ, ಅವಳು ಬಂದಿದ್ದಳೆಂದು ಇಬ್ಬರು ಸಾಕ್ಷಿ ಇದ್ದಾರೆ. ಬಂದಿದ್ದರೆ, ಅವಳು ಗದಗಿನಲ್ಲಿ ಇರಲೇ ಇಲ್ಲ. ಆ ಮಂಚದ ಪಕ್ಕ ಕೂತಿರಲಿಲ್ಲ, ಪೆನ್ನು ಹಿಡಿದಿರಲಿಲ್ಲ, ತಲೆ ತಗ್ಗಿಸಿರಲಿಲ್ಲ. ಮಗಳು ದೂರದ ತೋಟದಲ್ಲಿ ಕೆಲಸದಲ್ಲಿದ್ದಾಗ ತಾಯಿ ಹೋದಳು. ಎಷ್ಟು ಜನರಿಗೆ ಹಾಗೆ ಆಗುವುದಿಲ್ಲ! ಅಂದಾನೆಪ್ಪ ತನಗೆ ಗೊತ್ತಿಲ್ಲದೆಯೇ ಅವಳಿಗೆ ಅದನ್ನು ಕೊಡುತ್ತಿದ್ದ. ಆಗಲೇ ಒರೆಸಿಕೊಂಡಿದ್ದ ಕೈಯನ್ನು ಅವನು ಮತ್ತೆ ಮತ್ತೆ ಮೊಣಕಾಲಿಗೆ ಒರೆಸುತ್ತಿದ್ದ. ಸುಳ್ಳು ಹೇಳಿ ರೂಢಿಯಿಲ್ಲದ ಕೈ.

"ಹದಿನಾರನೇ ತಾರೀಖ ನಾ ಎಷ್ಟಕ್ಕ ಬಂದಿದ್ದೆ ಅಣ್ಣಾರ?" ಎಂದು ಕೇಳಿದಳು.

"ಯಾವಾಗ್ಲೂ ಬರೋ ಹೊತ್ತಿಗೆ. ಹನ್ನೊಂದರ ಸುಮಾರ."

"ಹನ್ನೊಂದೂ ಹತ್ತಕ್ಕ ನಮ್ಮ ಅಮ್ಮಾ ಹೋದ್ಲು. ನಾ ಮಗ್ಗಲದಾಗ ಕೂತು ಈ ಹದಿನೇಳು ಬರಿಯಾಕತ್ತಿದ್ದೆ. ಬರದು ಮುಗಿಸಿದ ಮ್ಯಾಲೆ ನೋಡಿದೆ." ಅವಳ ದನಿ ಟಂಟಂನಲ್ಲಿ ಊರಿನ ಹೆಸರು ಹೇಳುವಷ್ಟೇ ಸಪ್ಪಗಿತ್ತು. "ನಿಮ್ಮ ಸಲುವಾಗಿ ಬರದಿಲ್ಲ ಅಣ್ಣಾರ. ನನಗ ನೀವು ಏನ ಮಾಡಿದ್ರಿ ಅನ್ನೋದೂ ಗೊತ್ತಿರಲಿಲ್ಲ. ನನ್ನ ಕೆಲಸಾ ಹೋದೀತಂತ ಬರದೆ."

ಅಂದಾನೆಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಮಡಿಚಿದ, ಮತ್ತೆ ಬಿಚ್ಚಿದ. ಬಾಗಿಲಿನಿಂದ ನಿರ್ಮಲಾ "ಏನೂ ಹೇಳಬ್ಯಾಡ್ರಿ" ಎಂದು ಗಂಡನಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು. "ಹೇಳಬೇಕಲ್ಲಬೇ" ಎಂದ ಅಂದಾನೆಪ್ಪ, ಅವಳ ಕಡೆ ತಿರುಗದೆ. "ಸಾಹೇಬ್ರ, ಹತ್ತನೇ ತಾರೀಖಿಗೆ ನಾವು ಎಣ್ಣಿ ಹೊಡದೀವ್ರಿ. ಹೇನ ಭಾಳ ಆಗಿತ್ತು. ತಪ್ಪಾತು."

ದ್ಯಾಮೇಶ ಕಾಗದಗಳನ್ನು ಒಂದರ ಮೇಲೊಂದು ಸರಿಯಾಗಿ ಜೋಡಿಸಿದ. ಬೈಯುತ್ತಾನೆಂದು ಮೂವರೂ ಕಾದರು. ಅವನು ಬೈಯಲಿಲ್ಲ; ಅವನ ಮುಖದಲ್ಲಿ ಸಿಟ್ಟಿಗಿಂತ ದಣಿವಿತ್ತು, ಈಗಲೇ ಬಂದ ದಣಿವು. ಪೆನ್ನು ತೆಗೆದು ಮೂರು ಸಾಲಿನ ಮೇಲೆ ಗೆರೆ ಎಳೆದ. "ಆ ಮೂರು ವಾರ ಹೋದ್ವು. ಎಣ್ಣಿ ಹೊಡದ ಮ್ಯಾಲೆ ಮುಂದಿಂದೂ ಹಿಡಿಯಾಕ ಬರಂಗಿಲ್ಲ. ಈ ತ್ವಾಟ ಪ್ರಯೋಗದಾಗಿಂದ ತಗೀಬೇಕು" ಎಂದ. ಸೈರಾಬಾನುವಿಗೆ ಒಂದು ಬಿಳಿ ಹಾಳೆ ಕೊಟ್ಟ. "ನೀವು ಈಗ ಹೇಳಿದ್ದನ್ನ ಬರದ ಕೊಡ್ರಿ ಮೇಡಂ. ಮ್ಯಾಲಿನವ್ರಿಗೆ ಕಳಸಬೇಕು. ಅವರು ನಿಮ್ಮ ಕೆಲಸದ್ದು ಏನ ಮಾಡ್ತಾರ ಅಂತ ನಾ ಈಗ ಹೇಳಾಕ ಬರಂಗಿಲ್ಲ." ಆಮೇಲೆ, "ಕೇಳಿದ್ರ ನಾ ರಜಾ ಕೊಡ್ತಿದ್ದೆನಲ್ರಿ" ಎಂದ.

ಕೊಡುತ್ತಿದ್ದ. ಅದು ಅವಳಿಗೆ ಈಗ ತಿಳಿಯಿತು. ಅವನು ಅಂಥವನೇ. ಕೇಳುವುದಕ್ಕೆ ಒಂದು ನಿಮಿಷ ಸಾಕಾಗಿತ್ತು.

ಹೊರಸಿನ ಮೇಲೆ ರಿಜಿಸ್ಟರನ್ನು ಅಡಿಗಿಟ್ಟುಕೊಂಡು ಬರೆದಳು. ಈ ತಾರೀಖುಗಳಂದು ನಾನು ತೋಟಕ್ಕೆ ಬಂದಿರಲಿಲ್ಲ, ಅಂಕಿಗಳು ನನ್ನ ಕಲ್ಪನೆಯವು ಎಂದು ಬರೆದು, ಕಾರಣ ಎಂಬಲ್ಲಿ ನಿಂತಳು. ತಾಯಿಯ ಅನಾರೋಗ್ಯ ಎಂದು ಬರೆದರೆ ಕ್ಷಮೆ ಕೇಳಿದ ಹಾಗಾಗುತ್ತದೆ. ಬರೆಯದಿದ್ದರೆ ಅಮ್ಮಾ ಎಲ್ಲಿಯೂ ಇಲ್ಲದ ಹಾಗಾಗುತ್ತದೆ. ಕೊನೆಗೆ, ಹದಿನಾರರಂದು ನನ್ನ ತಾಯಿ ತೀರಿಕೊಂಡರು ಎಂದು ಬೇರೆಯೇ ಒಂದು ಸಾಲಾಗಿ ಬರೆದು ಸಹಿ ಮಾಡಿದಳು. ದ್ಯಾಮೇಶ ಓದಿ ಮಡಿಚಿ ಅಂಗಿಯ ಜೇಬಿಗಿಟ್ಟುಕೊಂಡ. ಕಟ್ಟಿದ ಪಾಕೀಟುಗಳನ್ನು ಬಿಚ್ಚಿಡಲು ಹೇಳಿದ. ಅವುಗಳಲ್ಲಿ ಇನ್ನೂ ವಾಸನೆ ಉಳಿದಿದ್ದರೆ ಬೇರೆ ತೋಟಕ್ಕೆ ಆಗುತ್ತವೆ. ಬೋರ್ಡು ಜೀಪಿನಲ್ಲೇ ಉಳಿಯಿತು. ಅಂದಾನೆಪ್ಪ ಅವನನ್ನು ಕಳಿಸಲು ರಸ್ತೆಯವರೆಗೆ ಹೋದವನು ಮರಳಿ ಶೆಡ್ಡಿಗೆ ಬರದೆ ಹಾಗೆಯೇ ವಾಲ್ವಿನ ಕಡೆ ನಡೆದ.

ಸೈರಾಬಾನು ಮೊದಲನೆಯ ಸಾಲಿನಿಂದ ಬಿಚ್ಚುತ್ತ ಬಂದಳು. ಮುಳ್ಳು ತಾಗಿ ಮುಂಗೈ ಮೇಲೆ ಎರಡು ಗೆರೆ ಎದ್ದವು. ಹಿಂದೆ ಬಳೆಗಳ ಸದ್ದಾಯಿತು. ನಿರ್ಮಲಾ ಬುಟ್ಟಿ ಹಿಡಿದು ಬಂದಿದ್ದಳು, ಆದರೆ ಮುಖ ಗಂಟಿಕ್ಕಿತ್ತು. "ನಾವು ನಿಮ್ಮನ್ನ ಏನೋ ಅನ್ಕೊಂಡಿದ್ವಿ" ಎಂದಳು. "ಮನಿಗೆ ಬಂದವ್ರಿಗೆಲ್ಲಾ ಹೇಳಿದ್ದೆ, ಅಂಥ ಮಂದಿ ಸಿಗಂಗಿಲ್ಲಂತ. ಈಗ ಸಾಹೇಬ್ರ ಮುಂದ ನಮ್ಮೆಜಮಾನ್ರು ಸುಳ್ಳ ಹೇಳಿದಾಂವ ಅನಿಸ್ಕೊಂಡ್ರು. ನಿಮ್ಮ ಸಲುವಾಗಿ." ಸೈರಾಬಾನು "ಹೌದು" ಎಂದಳು. ಬಿಚ್ಚಿದ ಪಾಕೀಟುಗಳನ್ನು ಬುಟ್ಟಿಗೆ ಹಾಕುತ್ತ ಇಬ್ಬರೂ ಮುಂದೆ ಹೋದರು. ಎರಡನೆಯ ಸಾಲು ಮುಗಿಯಿತು, ಮೂರನೆಯದೂ.

"ಖರೇನೇ ಬರ್ಕೋತ ಕೂತಿದ್ರಿ?" ಎಂದು ನಿರ್ಮಲಾ ಇದ್ದಕ್ಕಿದ್ದಂತೆ ಕೇಳಿದಳು. "ತಾಯಿ ಹೋಗುವಾಗ?"

"ಹೂಂ."

"ಮಾತ ಬರ್ತಿದ್ವೇನ ಅವ್ವಾರಿಗೆ? ಏನರ ಅಂದ್ರೇನ?"

ಇದನ್ನು ಯಾರೂ ಕೇಳಿರಲಿಲ್ಲ. ಉಮರ ಕೇಳಿರಲಿಲ್ಲ, ಮನೆ ತುಂಬಿದ ಹೆಂಗಸರು ಕೇಳಿರಲಿಲ್ಲ. ಅವಳೂ ಆ ಮಾತಿನ ಹತ್ತಿರ ಹೋಗದೆ ಅದರ ಸುತ್ತ ಮೂರು ತಿಂಗಳು ನಡೆದಿದ್ದಳು. ಕೊಂಬೆ ಹಿಡಿದ ಕೈ ಹಾಗೆಯೇ ನಿಂತಿತು. "ಏನ ಬರಿಯಾಕತ್ತಿ ಅಂದ್ಲು" ಎಂದಳು. "ಹುಳದ ಲೆಕ್ಕ ಅಂದೆ. ಆಕಿಗೆ ಓದಾಕ ಬರ್ತಿರಲಿಲ್ಲ. ಬಂದಾವೇನ ಅಂತ ಕೇಳಿದ್ಲು. ಭಾಳ ಬಂದಾವ ಅಂದೆ."

"ಮತ್ತ?"

"ಚಲೋ ಆತು ಅಂದ್ಲು. ನಿನ್ನ ಹುಳಾ ಬಂದ್ವಲ್ಲ, ಚಲೋ ಆತು ಅಂದ್ಲು. ನಾ ತಲಿ ಎತ್ತಲಿಲ್ಲ."

ಸೈರಾಬಾನು ಗಂಟು ಬಿಚ್ಚಲು ಹೋದಳು. ಬಿಸಿಲಿಗೆ ಒಣಗಿ ಬಿಗಿದಿದ್ದ ಸಣ್ಣ ಗಂಟು. ಉಗುರು ಅದರ ಮೇಲೆ ಜಾರಿತು, ಮತ್ತೆ ಜಾರಿತು. ದಾರ ಕಾಣದಾಯಿತು. ಕಣ್ಣಿಗೆ ಏನಾಗಿದೆಯೆಂದು ಅವಳಿಗೆ ತಿಳಿಯುವ ಮೊದಲೇ ಗಿಡದ ಬುಡದಲ್ಲಿ ಡ್ರಿಪ್ಪಿನ ಪೈಪಿನ ಪಕ್ಕ ಒದ್ದೆ ಮಣ್ಣಿನಲ್ಲಿ ಕೂತುಬಿಟ್ಟಳು. ಒಳಗಿನಿಂದ ಬಂದ ಸದ್ದು ಅವಳ ದನಿಯ ಹಾಗಿರಲಿಲ್ಲ. ಅದನ್ನು ತಡೆಯಲೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಅದು ನಿಲ್ಲಲಿಲ್ಲ.

ನಿರ್ಮಲಾ ಅವಳ ತಲೆಯ ಮೇಲಿನ ಕೊಂಬೆಯನ್ನು ಬಗ್ಗಿಸಿ ದಾರವನ್ನು ಹಲ್ಲಿನಿಂದ ಕಡಿದು ಪಾಕೀಟನ್ನು ಬುಟ್ಟಿಗೆ ಹಾಕಿದಳು. ಒಂದು ಗಳಿಗೆ ಅಲ್ಲೇ ನಿಂತಿದ್ದಳು. ಅವಳ ಮುಖದ ಗಂಟು ಪೂರ್ತಿ ಸಡಿಲಾಗಿರಲಿಲ್ಲ.

"ಅಳ್ರಿ" ಎಂದಳು. "ಉಳಿದಿದ್ದು ನಾ ಬಿಚ್ಚತೀನಿ."

ಎಂದು ಮುಂದಿನ ಗಿಡಕ್ಕೆ ಹೋದಳು.